ಗೆದ್ದಲಿಗೆ ಹಾಕಿದ್ದು, ಬೋರ್‌ವೆಲ್ಲಿಗೆ ಬಂದದ್ದು

ಹೋದ ತಿಂಗಳು ನಮ್ಮ ಹಳೆಯ ಕಂಪನಿಯವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಿವೃತ್ತರು ಅನುಭವ ಹಂಚಿಕೊಳ್ಳಬೇಕಂತೆ. ಗೆದ್ದಲು, ಜಿರಳೆ, ತಿಗಣೆ, ಹೆಗ್ಗಣಗಳ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದವನ ಅನುಭವಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ನಾನು ಎದ್ದು ನಿಂತು, ನಾವು ಮನೆಮನೆಯ ಪಾಯಕ್ಕೆ ಸುರಿದ ಔಷಧಿ ಆಮೇಲೆ ಎಲ್ಲಿಗೆ ಹೋಯಿತು ಅನ್ನುವುದನ್ನು ಹೇಳಲು ಶುರುಮಾಡಿದೆ. ನೀರು ಎಂಬ ಶಬ್ದ ಬಾಯಿಂದ ಬಿದ್ದದ್ದೇ ತಡ, ತರಬೇತಿ ನೋಡಿಕೊಳ್ಳುವ ಮೇಡಂ ನಗುನಗುತ್ತ ಎದ್ದು, "ಸಾರ್, ಕಾಫಿ ಆರಿ ಹೋಗ್ತಿದೆ" ಎಂದರು. ಕಾಫಿಯ ಮೇಲಿನ ಕರುಣೆಯಿಂದ ಸಭೆ ಅಲ್ಲಿಗೆ ಮುಗಿಯಿತು.

ಪೇಟ ಮನೆಯಲ್ಲಿದೆ. ಭಾಷಣದ ಉಳಿದ ಭಾಗ ಇಲ್ಲಿದೆ. ಈ ಕೆಲಸಕ್ಕೆ ಸೇರುವವರು ಓದಿಕೊಳ್ಳಲಿ. ಕಾಫಿ ಅವರವರೇ ಮಾಡಿಕೊಳ್ಳಬೇಕು.

ನನ್ನ ಹೆಸರು ಮುನಿರಾಜು. ನಮ್ಮದು ಸಾರಕ್ಕಿ ಕಡೆಯ ಹಳ್ಳಿ ಮನೆತನ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಜಮೀನು ಬಡಾವಣೆಯಾಯಿತು. ಅಂಥ ಬಡಾವಣೆಗಳಲ್ಲೇ ಮನೆ ಕಟ್ಟುವವರ ಪಾಯಕ್ಕೆ ಗೆದ್ದಲಿನ ಔಷಧಿ ಹಾಕುವ ಕೆಲಸ ನನಗೆ ಸಿಕ್ಕಿತು. ಮಣ್ಣಿನ ಜೊತೆಗಿನ ನಂಟು ಬಿಡಲಿಲ್ಲ ಎಂದು ಅವ್ವ ಸಮಾಧಾನಪಟ್ಟುಕೊಂಡಳು.

ಕಂಪನಿಯ ಆಫೀಸು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರ, ಒಂದು ಸಿಹಿತಿಂಡಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ತುಪ್ಪದ ವಾಸನೆ, ಮೇಲೆ ಸೀಮೆಎಣ್ಣೆ ಬೆರೆತ ಔಷಧಿಯ ವಾಸನೆ. ಮೆಟ್ಟಿಲಿನ ಮಧ್ಯದಲ್ಲಿ ಎರಡೂ ಸೇರಿ ಒಂದು ಹೊಸ ವಾಸನೆ ಆಗುತ್ತಿತ್ತು. ಅಲ್ಲಿ ನಿಂತು ಉಪವಾಸ ಮಾಡಿದರೆ ಸಲೀಸಾಗಿ ಪುಣ್ಯ ಬರುತ್ತಿತ್ತು, ಹಸಿವೇ ಆಗುತ್ತಿರಲಿಲ್ಲ.

ನನ್ನ ಮೇಲಿನವರು ಸೂಪರ್‌ವೈಸರ್ ಪುಟ್ಟಸ್ವಾಮಣ್ಣ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಬಕೆಟ್ಟಿನಲ್ಲಿ ಔಷಧಿಗೆ ನೀರು ಬೆರೆಸಿದ ಮೇಲೆ ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದರು. "ಕೋಲು ತರ್ಲಾ ಅಣ್ಣ?" ಎಂದು ನಾನು ಮೊದಲ ದಿನ ಕೇಳಿದ್ದೆ. "ಮುದ್ದೆ ತಿರುವೋಕೆ ಕೋಲು ಬೇಕು ಕಣೋ. ಇದಕ್ಕೆ ಕೈಯೇ ಸಾಕು. ಇಷ್ಟು ವರ್ಷದಿಂದ ಕಲಸ್ತಾ ಇದೀನಿ, ನೋಡು, ಏನಾಗಿದೆ ನನಗೆ?" ಎಂದರು. ನೋಡಿದೆ. ಉಗುರುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು, ಬೆರಳು ಸಣ್ಣಗೆ ನಡುಗುತ್ತಿದ್ದವು. ಮಿಕ್ಕಂತೆ ಏನೂ ಆಗಿರಲಿಲ್ಲ.

ಆಗಿನ ಔಷಧಿಯ ಹೆಸರು ಆಲ್ಡ್ರಿನ್. ಪಾಯದ ಕಾಲುವೆಯ ತಳ, ಎರಡೂ ಪಕ್ಕ, ಆಮೇಲೆ ಮನೆಯೊಳಗೆ ತುಂಬಿಸುವ ಮಣ್ಣು, ಎಲ್ಲವನ್ನೂ ಅದರಲ್ಲಿ ನೆನೆಸಬೇಕು. ಮನೆ ಕಟ್ಟಿಸುವವರು ಕೊಡೆ ಹಿಡಿದು ನಿಂತು ನೋಡುತ್ತಿದ್ದರು. ಪುಟ್ಟಸ್ವಾಮಣ್ಣ ಅವರಿಗೆ ಒಂದೇ ಮಾತು ಹೇಳುತ್ತಿದ್ದರು: "ಮಳೆಗೂ ಹೋಗಲ್ಲ, ಬಿಸಿಲಿಗೂ ಹೋಗಲ್ಲ ಸಾರ್. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇಲ್ಲೇ ಇರುತ್ತೆ." ಕೇಳಿದವರ ಮುಖ ಅರಳುತ್ತಿತ್ತು. ಅಲ್ಲೇ ಹತ್ತು ವರ್ಷದ ಗ್ಯಾರಂಟಿ ಕಾರ್ಡು ಬರೆದು, ಔಷಧಿ ಹಾಕಿದವನ ಸಹಿ ಹಾಕಿಸಿ ಕೊಡುತ್ತಿದ್ದೆವು. ಇಂಥವನ್ನು ಈಗ ಓದಿದವರು ಬಹುಕಾಲ ಕರಗದ ವಿಷ ಅನ್ನುತ್ತಾರೆ, ಅದರ ಮೇಲೆ ಸಮ್ಮೇಳನ ಮಾಡುತ್ತಾರೆ. ನಾವು ಅದೇ ಗುಣವನ್ನು ಹೊಗಳಿ ಮಾರುತ್ತಿದ್ದೆವು.

ಒಮ್ಮೆ ನಾನು ಕೇಳಿದೆ, "ಮಳೆ ಬಂದ್ರೆ ಇದು ಎಲ್ಲಿಗೆ ಹೋಗುತ್ತೆ ಅಣ್ಣ?"

"ಕೆಳಕ್ಕೆ."

"ಕೆಳಗೆ ಏನಿದೆ?"

"ಮಣ್ಣು."

"ಅದರ ಕೆಳಗೆ?"

"ನಿನ್ನ ತಲೆ ಇದೆ. ಪೈಪ್ ಹಿಡಿ."

ನನ್ನ ತಾಂತ್ರಿಕ ಶಿಕ್ಷಣ ಇಷ್ಟಕ್ಕೆ ಮುಗಿಯಿತು.

ಕೆಲವು ವರ್ಷಗಳಾದ ಮೇಲೆ ಸರ್ಕಾರ ಆಲ್ಡ್ರಿನ್ ನಿಷೇಧಿಸಿತು. ನಿಷೇಧ ಎಂದರೆ ಏನೆಂದು ಮಾಲೀಕರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಹೊಸದನ್ನು ಕೊಳ್ಳುವಂತಿಲ್ಲ. ಹಾಗೆಂದು ಇರುವುದನ್ನು ಹಾಳುಮಾಡುವುದೂ ಧರ್ಮವಲ್ಲ. ಗೋಡೌನಿನಲ್ಲಿ ಉಳಿದಿದ್ದನ್ನು ಹಾಳಾಗಲು ಬಿಡದೆ ತಿಂಗಳುಗಟ್ಟಲೆ ಬಿಟಿಎಂ ಲೇಔಟಿನ ಕಡೆಯ ಸೈಟುಗಳಿಗೆಲ್ಲ ಧಾರಾಳವಾಗಿ ಸುರಿದೆವು. ಖಾಲಿ ಡ್ರಮ್ಮುಗಳನ್ನು ಮಳೆನೀರಿನ ಮೋರಿಯಲ್ಲಿ ತೊಳೆದೆವು, ತೊಳೆದ ಡ್ರಮ್ಮುಗಳನ್ನು ನೀರು ತುಂಬಿಡುವವರು ಕೊಂಡುಹೋದರು.

ಈ ಜಾತಿಯ ಔಷಧಿಗಳ ನಡವಳಿಕೆ ನಿಮಗೆ ತಿಳಿದಿರಲಿ. ಇವು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತವೆ. ಕರಗದಿದ್ದರೆ ನೀರಿಗೆ ಹೋಗುವುದು ಹೇಗೆ ಎಂದು ಮಾಲೀಕರು ಜಾಣತನದಿಂದ ಕೇಳುತ್ತಿದ್ದರು. ಮಣ್ಣೇ ಹೋಗುತ್ತದಲ್ಲ! ಜೋರು ಮಳೆಗೆ ಮಣ್ಣು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಲಾರಿಗೆ ತುಂಬಿ ಪಾರ್ಕುಗಳಿಗೆ ಗೊಬ್ಬರವಾಗಿ ಹಾಕುತ್ತಾರೆ. ಹಾಗೆ ಹೂಳು ಹಾಕಿದ ಒಂದು ಪಾರ್ಕಿನಲ್ಲಿ "ಇಲ್ಲಿ ರಾಸಾಯನಿಕ ಬಳಸುವುದಿಲ್ಲ" ಎಂಬ ಬೋರ್ಡು ನೋಡಿದ್ದೇನೆ. ಬಳಸಿರಲಿಲ್ಲ, ನಿಜ. ಮೊದಲೇ ಬಳಸಿದ್ದು ಅವರ ಮನೆಬಾಗಿಲಿಗೆ ಬಂದಿತ್ತು, ಅಷ್ಟೆ.

ಇದೆಲ್ಲ ನನಗೆ ಆಗ ಗೊತ್ತಿತ್ತೇ ಎಂದರೆ, ಇಲ್ಲ. ಗೊತ್ತಾದದ್ದು ಒಂದು ತೂತಿನಿಂದ.

ಜೆ.ಪಿ. ನಗರದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆ. ಬೀದಿಯವರೆಲ್ಲ ಅವರನ್ನು ರಾಯರು ಎನ್ನುತ್ತಿದ್ದರು. ಮನೆ ಕಟ್ಟುವಾಗ ಗೆದ್ದಲಿನ ಔಷಧಿ ದಂಡದ ಖರ್ಚು ಎಂದು ಬಿಟ್ಟಿದ್ದರಂತೆ. ಹತ್ತು ಹನ್ನೆರಡು ವರ್ಷಕ್ಕೆ ಗೆದ್ದಲು ಬಂದು, ಎಲ್ಲಕ್ಕಿಂತ ಮೊದಲು ಅವರ ನಿವೃತ್ತಿಯ ಸನ್ಮಾನಪತ್ರವನ್ನು ಚೌಕಟ್ಟಿನ ಸಮೇತ ತಿಂದು ಮುಗಿಸಿತು. ಆಮೇಲೆ ಬಾಗಿಲಿಗೆ ಕೈಹಾಕಿತು.

ಕಟ್ಟಿದ ಮನೆಗೆ ಔಷಧಿ ಹಾಕುವ ಕ್ರಮ ಬೇರೆ. ಗೋಡೆಯ ಬುಡದುದ್ದಕ್ಕೂ ಅಡಿಗೊಂದು ತೂತು ಕೊರೆದು ಔಷಧಿ ಇಳಿಸಬೇಕು. ಒಂದು ತೂತು ಒಂದು, ಒಂದೂವರೆ ಲೀಟರ್ ಕುಡಿದು ತುಂಬಿ ಮೇಲೆ ಉಕ್ಕುತ್ತದೆ. ಉಕ್ಕಿದರೆ ಮುಂದಿನ ತೂತಿಗೆ ಹೋಗಬೇಕು. ಆ ಹೊತ್ತಿಗೆ ನಮ್ಮ ಔಷಧಿ ಲಿಂಡೇನ್. ಅದಕ್ಕೆ ಇನ್ನೂ ನಿಷೇಧ ಬಂದಿರಲಿಲ್ಲ, ಆದ್ದರಿಂದ ಅದು ಇನ್ನೂ ವಿಷವಾಗಿರಲಿಲ್ಲ.

ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕದ ತೂತಿಗೆ ಪೈಪು ಇಟ್ಟೆ. ಒಂದು ಕ್ಯಾನು ಖಾಲಿಯಾಯಿತು. ಉಕ್ಕಲಿಲ್ಲ. ಇನ್ನೊಂದು ಕ್ಯಾನು ಹೋಯಿತು. ಕಿವಿಯಿಟ್ಟು ಕೇಳಿದರೆ ಎಲ್ಲೋ ಆಳದಲ್ಲಿ ಕಲ್ಲಿನ ಮೇಲೆ ನೀರು ಬಿದ್ದ ಸದ್ದು.

"ಅಣ್ಣಾ, ಇದು ತುಂಬ್ತಾನೇ ಇಲ್ಲ!"

ಪುಟ್ಟಸ್ವಾಮಣ್ಣ ಓಡಿಬಂದರು. ಮುಖದಲ್ಲಿ ನಿಧಿ ಸಿಕ್ಕಿದ ಕಳೆ. "ಗೂಡು ಸಿಕ್ತು ಕಣೋ! ರಾಣಿ ಇಲ್ಲೇ ಇದಾಳೆ. ಹಾಕು, ಹಾಕು."

ಹಾಕಿದೆ. ಬೆಳಗ್ಗೆ ಕಲಸಿದ್ದರಲ್ಲಿ ಉಳಿದದ್ದಷ್ಟೂ, ಐವತ್ತು ಲೀಟರ್‌ಗೆ ಕಡಿಮೆಯಿಲ್ಲ, ಆ ಒಂದೇ ತೂತಿಗೆ ಇಳಿಯಿತು. ರಾಣಿ ಗೆದ್ದಲು ಎಷ್ಟೇ ದಪ್ಪವಿದ್ದರೂ ನಮ್ಮ ಹೆಬ್ಬೆರಳಿನಷ್ಟು. ಅಷ್ಟು ಕುಡಿಯಲು ಅವಳೇನು ಬಕಾಸುರನ ತಂಗಿಯೇ ಎಂದು ನಾನು ಯೋಚಿಸಬೇಕಿತ್ತು. ಆದರೆ ಯೋಚಿಸುವುದು ಸೂಪರ್‌ವೈಸರ್ ಕೆಲಸ, ಪೈಪು ಹಿಡಿಯುವುದು ನನ್ನ ಕೆಲಸ ಎಂದು ವಿಭಾಗ ಮಾಡಿಕೊಂಡಿದ್ದೆವು.

ಆಗ ಕಾಂಪೌಂಡಿನ ಆಚೆಯಿಂದ ಒಂದು ದನಿ ಬಂತು. ಪಕ್ಕದ ಮನೆಯ ಸಾವಿತ್ರಮ್ಮ. ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಒಂಟಿಯಾಗಿದ್ದರು. ಪೂಜೆಗೆ ದಾಸವಾಳ ಕೀಳುತ್ತ ನಿಂತಿದ್ದರು.

"ಏನಪ್ಪಾ ಅಷ್ಟೊಂದು ಸುರೀತಿದೀರಾ ಅಲ್ಲಿ?"

"ಗೆದ್ದಲಿಗೆ ಔಷಧಿ ಅಮ್ಮ."

"ಅಲ್ಲೊಂದು ಬಾವಿ ಇತ್ತಲ್ಲೋ. ನಮ್ಮಿಬ್ಬರ ಮನೇನೂ ಅದರ ನೀರಲ್ಲೇ ಕಟ್ಟಿದ್ದು. ಬೋರ್ ಹಾಕಿಸಿದ ಮೇಲೆ ಒಡೆದ ಇಟ್ಟಿಗೆ, ಗಾರೆ ಎಲ್ಲಾ ತುಂಬಿ ಮುಚ್ಚಿಬಿಟ್ರು."

ಕೈಯಲ್ಲಿದ್ದ ಪೈಪು ಹಾಗೇ ನಿಂತಿತು. ದಾಸವಾಳದ ಗಿಡದ ಹಿಂದೆ ಸಾವಿತ್ರಮ್ಮನವರ ಬೋರ್‌ವೆಲ್ಲಿನ ಪೈಪು ಕಾಣುತ್ತಿತ್ತು. ನಾನು ನಿಂತಲ್ಲಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ.

ಗಟ್ಟಿ ಮಣ್ಣಿನಲ್ಲಿ ಔಷಧಿ ಬೇಗ ಇಳಿಯುವುದಿಲ್ಲ, ಮಣ್ಣು ಹಿಡಿದುಕೊಳ್ಳುತ್ತದೆ. ಇಟ್ಟಿಗೆ ಚೂರು ತುಂಬಿದ ಬಾವಿ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಎಣ್ಣೆ ಸುರಿಯುವ ಆಲಿಕೆಯ ಹಾಗೆ, ಹಾಕಿದ್ದನ್ನು ನೇರ ಕೆಳಗಿನ ಬಂಡೆಯ ಬಿರುಕಿಗೆ ಕಳಿಸುತ್ತದೆ. ಬೋರ್‌ವೆಲ್ಲಿನ ನೀರು ಬರುವುದೂ ಅದೇ ಬಿರುಕುಗಳಿಂದ. ಪುಟ್ಟಸ್ವಾಮಣ್ಣನಿಗೂ ಅರ್ಥವಾಯಿತು. ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ಬಾಯಿ ಮುಚ್ಕೊಂಡು ಸಿಮೆಂಟ್ ಕಲಸು."

ತೂತು ಮುಚ್ಚಿದೆ, ಬಾಯಿಯನ್ನೂ ಮುಚ್ಚಿದೆ. ರಾಯರಿಗೆ ಹೊಸ ಗ್ಯಾರಂಟಿ ಕಾರ್ಡು ಸಿಕ್ಕಿತು.

ಹದಿನೈದು ದಿನಕ್ಕೆ ಮಳೆ ಹಿಡಿಯಿತು. ಮಳೆ ನಿಂತ ವಾರದಲ್ಲಿ ಸಾವಿತ್ರಮ್ಮ ರಾಯರ ಹತ್ತಿರ ನಂಬರ್ ತೆಗೆದುಕೊಂಡು ಕಂಪನಿಗೆ ಫೋನ್ ಮಾಡಿದರು. ಅವರ ಬೋರ್ ನೀರು ಸೀಮೆಎಣ್ಣೆ ವಾಸನೆ ಬರುತ್ತಿತ್ತು. ಪುಟ್ಟಸ್ವಾಮಣ್ಣ ನನ್ನನ್ನು ಕರೆದುಕೊಂಡು ಹೋದರು. ಒಂದು ಲೋಟ ನೀರನ್ನು ಬೆಳಕಿಗೆ ಹಿಡಿದರು, ತಲೆ ಆಡಿಸಿದರು, ಮೂಸಲಿಲ್ಲ.

"ಚರಂಡಿ ನೀರು ಸೇರಿದೆ ಮೇಡಂ. ಬ್ಲೀಚಿಂಗ್ ಪೌಡರ್ ಹಾಕಿಸ್ತೀನಿ."

ಲಿಂಡೇನಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಆನೆಗೆ ಅರಿಸಿನ ಕುಂಕುಮ ಹಚ್ಚಿದಂತೆ. ಅದು ಹಾಕಿಸಿಕೊಂಡು ತನ್ನ ಪಾಡಿಗೆ ನಿಂತಿರುತ್ತದೆ. ಆ ಪೌಡರ್ ಹಾಕಿದವನೂ ನಾನೇ. ಪುಟ್ಟಸ್ವಾಮಣ್ಣ ಗೇಟಿನ ಕಡೆ ಹೋದಾಗ ನಾನು ದನಿ ತಗ್ಗಿಸಿ, "ಅಮ್ಮ, ಈ ನೀರು ಕುಡೀಬೇಡಿ. ಅಡಿಗೆಗೂ ಬೇಡ. ಚರಂಡಿದು" ಎಂದೆ.

"ಕಾವೇರಿ ನೀರು ಬರುತ್ತಲ್ಲಪ್ಪ, ಅದನ್ನೇ ಹಿಡಿದಿಟ್ಕೋತೀನಿ ಬಿಡು."

ಅವತ್ತು ನನಗೆ ನನ್ನ ಮೇಲೆ ಎಷ್ಟು ಗೌರವ ಬಂತೆಂದರೆ, ಮನೆಗೆ ಹೋಗುವಾಗ ಹೆಂಡತಿಗೆ ಮಸಾಲೆದೋಸೆ ಕಟ್ಟಿಸಿಕೊಂಡು ಹೋದೆ. ಅರ್ಧ ಸುಳ್ಳು ಹೇಳಿ ಪೂರ್ತಿ ಪುಣ್ಯ ಸಂಪಾದಿಸಿದ್ದೆನಲ್ಲ.

ಒಂದು ತಿಂಗಳು ಹೀಗೆ ನೆಮ್ಮದಿಯಾಗಿ ಕಳೆಯಿತು. ಒಂದು ಬೆಳಗ್ಗೆ ಬನಶಂಕರಿಯಲ್ಲಿ ಕೆಲಸವಿತ್ತು, ಸ್ಕೂಟರಿನಲ್ಲಿ ಆ ಬೀದಿಯಿಂದಲೇ ಹೊರಟೆ. ಸಾವಿತ್ರಮ್ಮನವರ ಗೇಟಿನ ಹೊರಗೆ, ಕಾಂಪೌಂಡಿಗೆ ಒಂದು ನಲ್ಲಿ. ಅದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಮೇಲೆ ಒಂದು ಚಿಕ್ಕ ಫಲಕ, ಹೆಡ್‌ಮಿಸ್ ಅವರ ದುಂಡು ಅಕ್ಷರದಲ್ಲಿ: "ಕುಡಿಯುವ ನೀರು. ಪೋಲು ಮಾಡಬೇಡಿ." ನಲ್ಲಿಯ ಪಕ್ಕದಲ್ಲಿ ಹೂ ಮಾರುವ ಹೆಂಗಸು ಕೂತಿದ್ದಳು. ಮಂಜುಳ ಎಂದು ಆಮೇಲೆ ಗೊತ್ತಾಯಿತು. ತೊಡೆಯ ಮೇಲೆ ಐದಾರು ತಿಂಗಳ ಕೂಸು. ಅವಳು ಬೊಗಸೆ ಒಡ್ಡಿ ನಲ್ಲಿಯ ನೀರು ಕುಡಿದು, ಉಳಿದದ್ದನ್ನು ಮಲ್ಲಿಗೆ ದಂಡೆಗೆ ಚಿಮುಕಿಸಿದಳು.

ನಾನು ಸ್ಕೂಟರ್ ನಿಲ್ಲಿಸಿ ಓಡಿದೆ. "ಏನಮ್ಮಾ, ಈ ನೀರು ಕುಡೀತೀಯಾ?"

"ಹೂಂ ಅಣ್ಣ. ಆಟೋದವರು, ಗಾರೆ ಕೆಲಸದವರು ಎಲ್ಲಾ ಇದನ್ನೇ ಕುಡಿಯೋದು. ಅಮ್ಮಾವ್ರು ಪುಣ್ಯ ಕಟ್ಕೊಂಡಿದಾರೆ. ಈಗೀಗ ಒಂಚೂರು ವಾಸನೆ. ಮಡಿಕೇಲಿ ಇಟ್ರೆ ಹೋಗ್ಬಿಡುತ್ತೆ."

"ಕುಡೀಬೇಡಮ್ಮ. ಚರಂಡಿ ನೀರು ಸೇರಿದೆ."

ಅವಳು ನಕ್ಕಳು. "ನಮ್ಮನೆ ಹತ್ರ ಬರೋ ನೀರು ನೋಡಿದ್ರೆ ನೀವು ಇದನ್ನೇ ತೀರ್ಥ ಅಂತೀರಾ ಬಿಡಿ ಅಣ್ಣ."

ನನ್ನ ಅರ್ಧ ಸುಳ್ಳು ಅಲ್ಲಿಗೆ ಕೆಲಸ ನಿಲ್ಲಿಸಿತು. ಮನೆಯೊಳಗಿನ ಹೆಡ್‌ಮಿಸ್ಸಿಗೆ ಕಾವೇರಿ ಇತ್ತು, ಎಚ್ಚರಿಕೆ ಸಾಕಾಯಿತು. ಹೊರಗೆ ಕೂತವಳಿಗೆ ಅದೊಂದೇ ನಲ್ಲಿ. ಇನ್ನೂ ದೊಡ್ಡ ಸುಳ್ಳು ಹೇಳಬೇಕು, ಇಲ್ಲವೇ ನಿಜ ಹೇಳಬೇಕು. ಬನಶಂಕರಿಯ ಗಿರಾಕಿ ಕಾಯುತ್ತಿದ್ದರು. ಬಾಡಿಗೆ ಮನೆ, ಇಬ್ಬರು ಮಕ್ಕಳ ಸ್ಕೂಲು, ಪುಟ್ಟಸ್ವಾಮಣ್ಣನ ಮುಖ, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಎಷ್ಟು ಹೊತ್ತು ನಿಂತಿದ್ದೆನೋ. ಆ ಹೊತ್ತಿನಲ್ಲಿ ಆಟೋದವನೊಬ್ಬ ಬಂದು ಬಾಟಲಿ ತುಂಬಿಸಿಕೊಂಡು ಹೋದ. ಆಮೇಲೆ ಬೆಲ್ ಒತ್ತಿದೆ.

ಸಾವಿತ್ರಮ್ಮ ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ತೂತು, ಐವತ್ತು ಲೀಟರ್, ಬಾವಿ, ಸಿಮೆಂಟು, ಬ್ಲೀಚಿಂಗ್ ಪೌಡರ್.  ನಾನು ಗೇಟಿನ ನಲ್ಲಿಯ ಮಾತೆತ್ತಿದಾಗ ಮಾತ್ರ ಎದ್ದು ನಿಂತರು.

"ಅಯ್ಯೋ ರಾಮ. ಆ ನಲ್ಲಿ ಮರ್ತೇಬಿಟ್ಟೆ. ನಾನು ಕುಡಿಯೋದು ಬಿಟ್ಟೆ, ಅವರಿಗೆ ಹೇಳೋದು ಮರ್ತೆ." ಒಳಗಿನಿಂದ ಸ್ಪ್ಯಾನರ್ ತಂದು ನನ್ನ ಕೈಗೆ ಕೊಟ್ಟರು. "ಬಿಚ್ಚು ಅದನ್ನ."

ನಲ್ಲಿ ಬಿಚ್ಚಿ ಬೆಣೆ ಹಾಕಿದೆ. ಫಲಕವನ್ನು ಅವರೇ ಕಿತ್ತರು. ಮಂಜುಳಳಿಗೆ ಒಳಗಿನಿಂದ ಒಂದು ಬಿಂದಿಗೆ ಕಾವೇರಿ ನೀರು ತಂದುಕೊಟ್ಟು, ದಿನಾ ಬಂದು ತುಂಬಿಸಿಕೊಂಡು ಹೋಗು ಎಂದರು. ಆಮೇಲೆ ನನ್ನನ್ನು ಒಳಗೆ ಕರೆದು ಒಂದು ನೋಟ್‌ಬುಕ್ಕು, ಪೆನ್ನು ಮುಂದಿಟ್ಟರು.

"ಬಾಯಲ್ಲಿ ಹೇಳಿದ್ದು ಯಾರೂ ಒಪ್ಪಲ್ಲ. ಬರಿ. ಏನು ಹಾಕಿದೆ, ಎಷ್ಟು ಹಾಕಿದೆ, ಯಾವಾಗ."

ಬರೆದೆ. ಅವರು ಓದಿ, ಎರಡು ಕಡೆ ಒತ್ತಕ್ಷರ ತಿದ್ದಿ, ಸಹಿ ಹಾಕಿಸಿಕೊಂಡರು.

ಮುಂದಿನದು ಆಫೀಸುಗಳ ಯಾತ್ರೆ. ಮೊದಲು ನೀರನ್ನು ಪರೀಕ್ಷೆಗೆ ಕೊಟ್ಟರು. ಗಡಸುತನ, ಉಪ್ಪು, ಕ್ರಿಮಿಗಳು, ಎಲ್ಲ ನೋಡಿ "ಕುಡಿಯಲು ಯೋಗ್ಯ" ಎಂದು ಮೊಹರು ಒತ್ತಿದ ವರದಿ ಬಂತು. ಕೀಟನಾಶಕ ಇದೆಯೇ ಎಂದು ನೋಡಿಯೇ ಇರಲಿಲ್ಲ. ನೋಡದಿದ್ದುದು ಇರುವುದಿಲ್ಲ ಎಂಬುದು ಅಲ್ಲಿನ ನಿಯಮ. ಆ ವರದಿ ಹಿಡಿದು ಒಂದು ಕಚೇರಿಗೆ ಹೋದರೆ, ನೆಲದ ಮೇಲಿನ ನೀರು ಮಾತ್ರ ನಮ್ಮದು ಎಂದರು. ನೆಲದ ಕೆಳಗಿನ ನೀರಿನ ಕಚೇರಿಯವರು ನೀರು ಎಷ್ಟಿದೆ ಎಂದು ಅಳೆಯುತ್ತೇವೆ, ಹೇಗಿದೆ ಎಂದಲ್ಲ ಎಂದರು. ಮೂರನೆಯ ಕಚೇರಿಯಲ್ಲಿ ಒಬ್ಬ ಸಜ್ಜನರು ಕಾಗದ ಪೂರ್ತಿ ಓದಿ, "ಇಷ್ಟು ನೀಟಾಗಿ ಅರ್ಜಿ ಬರೆಯೋರು ಈಗ ಯಾರಿದಾರೆ ಮೇಡಂ?" ಎಂದು ಹೊಗಳಿ ವಾಪಸು ಕೊಟ್ಟರು.

ಅರ್ಜಿಯ ಜೊತೆಗಿಟ್ಟ ನನ್ನ ಹೇಳಿಕೆಯ ಒಂದು ಪ್ರತಿ ನಮ್ಮ ಮಾಲೀಕರಿಗೂ ತಲುಪಿತು. ಕರೆಸಿದರು.

"ಏನಯ್ಯಾ, ಹರಿಶ್ಚಂದ್ರನ ಮೊಮ್ಮಗನಾ ನೀನು?"

"ಅಲ್ಲ ಸಾರ್. ಮೊಮ್ಮಗ ಆಗಿದ್ರೆ ಅವತ್ತೇ ಹೇಳ್ತಿದ್ದೆ."

ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಇನ್ನೂ ಎಷ್ಟು ನೋಟ್‌ಬುಕ್ಕು ತುಂಬಿಸುತ್ತಾನೋ ಎಂಬ ಭಯ. ಗೆದ್ದಲಿನ ವಿಭಾಗದಿಂದ ಬಿಡಿಸಿ ಹೋಟೆಲುಗಳ ಜಿರಳೆಗೆ ಹಾಕಿದರು. ಪುಟ್ಟಸ್ವಾಮಣ್ಣ ನನ್ನ ಜೊತೆ ಮಾತು ಬಿಟ್ಟರು. ನಾನೂ ರಾಜೀನಾಮೆ ಕೊಟ್ಟು ಎದೆಯುಬ್ಬಿಸಿ ಹೊರಬರಲಿಲ್ಲ. ಸಂಬಳ ಬೇಕಿತ್ತು, ಉಳಿದೆ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೂ ಆ ಸಿಮೆಂಟಿಗೂ ವ್ಯತ್ಯಾಸವಿರುವುದಿಲ್ಲ.

ಸಾವಿತ್ರಮ್ಮ ಸುಮ್ಮನಾಗುವವರಲ್ಲ. ಅವರ ಹಳೆಯ ವಿದ್ಯಾರ್ಥಿನಿ ಒಬ್ಬಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು, ಹೆಸರು ಶೈಲಜಾ. ಅವಳಿಗೆ ಬಾಟಲಿಯಲ್ಲಿ ನೀರು ಕೊಟ್ಟು ಕಳಿಸಿದರು. ಕೆಲವು ವಾರದ ಮೇಲೆ ಒಂದು ಭಾನುವಾರ ನನಗೂ ಕರೆ ಬಂತು. ಹೋದಾಗ ಶೈಲಜಾ ಮೇಡಂ ಒಂದು ಹಾಳೆ ಹಿಡಿದು ಕೂತಿದ್ದರು.

"ನೀವು ಬರ್ಕೊಟ್ಟಿರೋದು ಲಿಂಡೇನ್ ಅಂತ. ಅದು ಸಿಕ್ಕಿದೆ. ಆದ್ರೆ ಇನ್ನೊಂದೂ ಇದೆ, ಡೀಲ್ಡ್ರಿನ್. ಆಲ್ಡ್ರಿನ್ ಮಣ್ಣಿಗೆ ಬಿದ್ರೆ ಕಾಲಕ್ರಮೇಣ ಡೀಲ್ಡ್ರಿನ್ ಆಗುತ್ತೆ. ಹೆಸರು ಬದಲಾಗುತ್ತೆ, ಹೋಗೋದಿಲ್ಲ. ಆ ತೂತಿಗೆ ಆಲ್ಡ್ರಿನ್ ಕೂಡ ಹಾಕಿದ್ರಾ?"

"ಇಲ್ಲ ಮೇಡಂ. ಅದು ನಿಂತು ಎಷ್ಟೋ ವರ್ಷ ಆಯ್ತು. ರಾಯರ ಮನೆಗೆ ಈ ಲಿಂಡೇನಿಗೂ ಮುಂಚೆ ಔಷಧಿನೇ ಹಾಕಿಲ್ಲ."

"ಹಾಗಾದ್ರೆ ಎಲ್ಲಿಂದ ಬಂತು?"

ಸಾವಿತ್ರಮ್ಮ ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದು ಕೇಳಿಸಿತು. ಮನೆ ಪತ್ರಗಳ ಫೈಲು ತಂದು, ಅದರೊಳಗಿಂದ ಒಂದು ಹಳದಿ ಕಾರ್ಡು ತೆಗೆದು ನನ್ನ ಮುಂದಿಟ್ಟರು. ನಮ್ಮ ಕಂಪನಿಯದು. ಹತ್ತು ವರ್ಷದ ಗ್ಯಾರಂಟಿ, ಆಲ್ಡ್ರಿನ್. ಕೆಳಗೆ, ಔಷಧಿ ಹಾಕಿದವನ ಸಹಿ ಎಂಬ ಜಾಗದಲ್ಲಿ, ಈಗಿನದಕ್ಕಿಂತ ಗುಂಡಾದ ಅಕ್ಷರದಲ್ಲಿ, ಮುನಿರಾಜು.

ನನಗೆ ಆ ಸೈಟು ನೆನಪೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ. ದಿನಕ್ಕೊಂದು ಪಾಯ, ಎಲ್ಲವೂ ಒಂದೇ ಥರ ಕೆಂಪು ಮಣ್ಣಿನ ಕಾಲುವೆ, ಕೊಡೆ ಹಿಡಿದು ನಿಂತ ಯಾರೋ ಒಬ್ಬರು.

"ನೀನೇನಾ?" ಎಂದರು ಸಾವಿತ್ರಮ್ಮ.

"ನಾನೇ ಅಮ್ಮ."

"ಅವತ್ತು ತೂತು ಇರ್ಲಿಲ್ಲ. ಬಾವಿಗೆ ಹಾಕಿರ್ಲಿಲ್ಲ."

"ಇಲ್ಲ. ಹೇಗೆ ಹಾಕಬೇಕೋ ಹಾಗೇ ಹಾಕಿದ್ದೆ."

ಅದುವರೆಗೆ ನನಗೊಂದು ಸಮಾಧಾನ ಇತ್ತು. ಐವತ್ತು ಲೀಟರ್ ಒಂದು ಅಚಾತುರ್ಯ, ಪುಟ್ಟಸ್ವಾಮಣ್ಣನ ದುರಾಸೆ, ನನ್ನ ಹೇಡಿತನ. ಅದೊಂದು ಬಿಟ್ಟರೆ ಉಳಿದ ವರ್ಷಗಳೆಲ್ಲ ನಿಯತ್ತಿನ ಕೆಲಸ. ಆ ಹಾಳೆಯ ಪ್ರಕಾರ ನಿಯತ್ತಿನ ಕೆಲಸವೂ ಅದೇ ಬೋರ್‌ವೆಲ್ಲಿಗೆ ಹೋಗಿತ್ತು, ನಿಧಾನಕ್ಕೆ ಹೋಗಿತ್ತು, ಅಷ್ಟೇ. ಪಾಯದ ಮಣ್ಣಿನಿಂದ ಮಳೆಗೆ ಒಂದಿಷ್ಟು, ಮುಚ್ಚುವ ಮೊದಲು ಆ ಮಣ್ಣು ಕೊಚ್ಚಿ ಬಿದ್ದ ಅದೇ ಬಾವಿಯಿಂದ ಒಂದಿಷ್ಟು. ವಾಸನೆಯಿಲ್ಲದೆ, ಯಾರಿಗೂ ತೊಂದರೆ ಕೊಡದೆ, ಸಭ್ಯವಾಗಿ. ದಂಡದ ಖರ್ಚು ಎಂದು ಬಿಟ್ಟ ರಾಯರ ಜಿಪುಣತನ ಈ ಲೋಕಕ್ಕೆ ಮಾಡಿದ ಉಪಕಾರವನ್ನು ನನ್ನ ಶ್ರದ್ಧೆ ಮಾಡಿರಲಿಲ್ಲ.

ಶೈಲಜಾ ಮೇಡಂ ಇನ್ನೂ ಒಂದು ಮಾತು ಹೇಳಿದರು. ಈ ಜಾತಿಯವು ದೇಹದೊಳಗೆ ಹೋದರೆ ಕೊಬ್ಬಿನಲ್ಲಿ ಕೂರುತ್ತವೆ, ಬೇಗ ಹೊರಬರುವುದಿಲ್ಲ. ತಾಯಂದಿರಲ್ಲಿ ಹಾಲಿನ ಮೂಲಕ ಹೊರಬರುತ್ತವೆ.

ಸಾವಿತ್ರಮ್ಮ ಬೋರ್‌ವೆಲ್ ಮುಚ್ಚಿಸಲು ಅಂದೇ ನಿರ್ಧರಿಸಿದರು. ಮುಚ್ಚುವ ಮೊದಲು ಆ ಬೀದಿಯ ಮನೆಗಳಿಗೆಲ್ಲ ಹಾಳೆ ಹಿಡಿದು ಹೋದರು. ನೆಲದೊಳಗಿನ ನೀರಿಗೆ ಕಾಂಪೌಂಡ್ ಗೋಡೆ ಇರುವುದಿಲ್ಲವಲ್ಲ. ನಾನೂ ಹಿಂದೆ ಹೋದೆ. ಹೆಚ್ಚಿನವರು ಕಾಫಿ ಕೊಟ್ಟು, ಕಾಲ ಕೆಟ್ಟಿತು ಎಂದು ನಿಟ್ಟುಸಿರುಬಿಟ್ಟು, ಅದೇ ಬೋರಿನ ನೀರು ಬಳಸುವುದನ್ನು ಮುಂದುವರಿಸಿದರು. ಒಬ್ಬರು ಮಾತ್ರ ಗೇಟಿನವರೆಗೆ ಬಂದು ಗುಟ್ಟಾಗಿ ಹೇಳಿದರು, "ಮೇಡಂ, ಯಾರಿಗೂ ಹೇಳ್ಬೇಡಿ. ಮೇಲಿನ ಮನೆ ಬಾಡಿಗೆಗೆ ಹಾಕಿದೀವಿ." ರಾಯರು ತಮ್ಮ ಮನೆಗೆ ಗೆದ್ದಲು ಮತ್ತೆ ಬಂದರೆ ಗ್ಯಾರಂಟಿ ನಡೆಯುತ್ತದೆಯೇ ಎಂದು ಕೇಳಿದರು.

ಬೋರ್‌ವೆಲ್ಲಿನ ಬಾಯಿಗೆ ಜಲ್ಲಿ, ಕಾಂಕ್ರೀಟು ಹಾಕಿ ಮುಗಿಸಿ ಕೈ ತೊಳೆದುಕೊಂಡು ಹೊರಗೆ ಬಂದೆ. ಮಂಜುಳ ಎಂದಿನ ಜಾಗದಲ್ಲಿ ಹೂ ಕಟ್ಟುತ್ತಿದ್ದಳು. ಕೂಸು ಬುಟ್ಟಿಯ ಪಕ್ಕದಲ್ಲಿ ಗೋಣಿಯ ಮೇಲೆ ಮಲಗಿತ್ತು. ಸಾವಿತ್ರಮ್ಮ ಅವಳಿಗೆ ಎಲ್ಲವನ್ನೂ ಹೇಳಿದ್ದರು, ನಾನೇ ಹಾಕಿದ್ದು ಎನ್ನುವುದನ್ನೂ ಸೇರಿಸಿ.

"ಅಣ್ಣ, ಎಷ್ಟು ದಿನದಿಂದ ಇತ್ತು ಅದು ನೀರಲ್ಲಿ?"

"ವಾಸನೆ ಬಂದದ್ದು ಈಚೆಗೆ. ವಾಸನೆ ಇಲ್ಲದ್ದು ಬಹಳ ವರ್ಷದಿಂದ ಇದ್ದಿರಬಹುದು."

ಅವಳು ದಾರ ಸುತ್ತುತ್ತ ಲೆಕ್ಕ ಹಾಕಿದಳು. "ನಾನಿಲ್ಲಿ ಕೂರೋಕೆ ಬಂದು ನಾಲ್ಕು ವರ್ಷ." ಕೂಸಿನ ಕಡೆ ನೋಡಿ ಕೇಳಿದಳು, "ಹಾಲಲ್ಲಿ ಬರುತ್ತಾ ಅಣ್ಣ?"

ಚರಂಡಿಯ ಸುಳ್ಳಿನಂಥ ಒಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಬರುತ್ತಂತೆ ಕಣಮ್ಮ."

"ಏನಾಗುತ್ತೆ?"

"ಗೊತ್ತಿಲ್ಲ."

"ಆ ಕಾಲೇಜು ಮೇಡಂಗೆ?"

"ಅವರಿಗೂ ಗೊತ್ತಿಲ್ಲ. ಏನೂ ಆಗದೇನೂ ಇರಬಹುದು."

ಅವಳು ಕಟ್ಟಿದ ದಂಡೆಯ ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. "ಅವತ್ತು ಸ್ಕೂಟರ್ ನಿಲ್ಸಿದಾಗ್ಲೇ ನಂಗೆ ನಿಜ ಹೇಳ್ಬೋದಿತ್ತು" ಎಂದಳು. ಆಮೇಲೆ ಕೂಸನ್ನು ಎತ್ತಿಕೊಂಡು, ಸೆರಗು ಹೊದ್ದು, ನನ್ನ ಕಡೆಗೆ ಬೆನ್ನು ಮಾಡಿ ಕೂತಳು.

ಜಿರಳೆ ವಿಭಾಗದಲ್ಲೇ ನನ್ನ ಉಳಿದ ವರ್ಷಗಳು ಕಳೆದವು. ಲಿಂಡೇನಿಗೂ ಒಂದು ದಿನ ನಿಷೇಧ ಬಂತು, ಅಂದಿನಿಂದ ಅದು ವಿಷವಾಯಿತು. ಪುಟ್ಟಸ್ವಾಮಣ್ಣ ಕೈನಡುಕ ಹೆಚ್ಚಾಗಿ, ಲೋಟ ಹಿಡಿಯಲಾರದೆ ಕೆಲಸ ಬಿಟ್ಟರು. ನೋಡಲು ಹೋದಾಗ ವಯಸ್ಸಾಯಿತು ನೋಡು ಎಂದರು, ಅದಕ್ಕೂ ಔಷಧಿಗೂ ಸಂಬಂಧ ಕಲ್ಪಿಸಲು ಕೊನೆಯವರೆಗೂ ಒಪ್ಪಲಿಲ್ಲ. ಸಾವಿತ್ರಮ್ಮ ತೀರಿಕೊಂಡರು. ಆ ಮನೆ ಈಗ ಕೈಬದಲಾಗಿದೆ.

ಮಂಜುಳ ಮಾತ್ರ ಅದೇ ಗೇಟಿನ ಪಕ್ಕದಲ್ಲಿ ಈಗಲೂ ಕೂರುತ್ತಾಳೆ. ಅವಳ ಮಗಳು ಪವಿತ್ರ ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಶುಕ್ರವಾರಗಳಂದು ನಾನು ಹೆಂಡತಿಗೆ ಹೂ ತರಲು ಅಲ್ಲಿಯವರೆಗೆ ನಡೆದು ಹೋಗುತ್ತೇನೆ, ಮನೆಯ ಹತ್ತಿರವೇ ಮೂರು ಹೂವಿನಂಗಡಿಗಳಿದ್ದರೂ. ಇನ್ನೂ ಹತ್ತು ಹೆಜ್ಜೆ ದೂರದಲ್ಲಿರುವಾಗಲೇ ಮಂಜುಳ ತಲೆಯೆತ್ತುತ್ತಾಳೆ.

"ಮಗಳು ಚೆನ್ನಾಗಿದಾಳೆ ಅಣ್ಣ."

ನಾನು ಕೇಳಿರುವುದಿಲ್ಲ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅವಳೇ ಹೇಳುತ್ತಾಳೆ. ಹೇಳಿ, ನನ್ನ ಮುಖ ಒಮ್ಮೆ ನೋಡಿ, ಆಮೇಲೆ ಮೊಳ ಹಾಕುತ್ತಾಳೆ.